ಕರಿಗೇರಿನ ಗುರುತು

ಕ್ಲಬ್ಬಿನ ಚರಿತ್ರೆ ಬರೀತೀವಿ, ಏನಾದರೂ ಹೇಳಿ ಅಂತ
ಮೊನ್ನೆ ಇಬ್ಬರು ಹುಡುಗರು ಬಂದಿದ್ದರು.
ಮಿನಿಟ್ಸ್ ಪುಸ್ತಕ ಗೆದ್ದಲಿಗಾಯಿತಂತೆ,
ಕಪ್ಪುಗಳು ಯಾವ ಸೆಕ್ರೆಟರಿಯ ಅಟ್ಟದಲ್ಲೋ, ಯಾವ ಗುಜರಿಯಲ್ಲೋ.
ನನ್ನ ಹತ್ತಿರ ಏನಿದೆ?
ಬಟ್ಟೆ ಒಗೆದವಳ ಮಗಳು ನಾನು.

ಬರೆದುಕೊಳ್ಳಿ.
ಹಲಸೂರಿನ ಕೆರೆಬೀದಿ ಇಲೆವೆನ್ ತಂಡಕ್ಕೆ
ಕಾಲರಿನ ಒಳಗೆ ಎರಡು ಚುಕ್ಕಿ, ಒಂದು ಗೆರೆ.
ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಆ ರಸದಲ್ಲಿ
ಬೆರಳು ಸುಟ್ಟುಕೊಂಡು ಅವ್ವ ಇಟ್ಟ ಗುರುತು.
ಆಸ್ಪತ್ರೆಯ ಹಾಸಿಗೆಗೆ ಕತ್ತರಿ ಗೆರೆ,
ಪೊಲೀಸ್ ತಂಡಕ್ಕೆ ಮೂರು ಗೀಟು.
ಅಕ್ಷರ ಬಾರದವಳ ಲೀಗ್ ಪಟ್ಟಿ ಅದು.

ಮೊದಲ ಅಂಗಿಗಳು ಮೈದಾ ಚೀಲದವು,
ನಮ್ಮ ತೊಟ್ಟಿಯಲ್ಲೇ ಅದ್ದಿ ನೀಲಿ ಕಟ್ಟಿದ್ದು.
ಮೊದಲ ಮ್ಯಾಚಿಗೇ ಮಳೆ.
ಹನ್ನೊಂದು ಜನ ಕೃಷ್ಣರು ಬೀದಿಗೆ ವಾಪಸು ಬಂದರು,
ಅದರಲ್ಲಿ ನಾಲ್ವರು ಕಿರಿಸ್ತಾನರು, ಮೂವರು ಸಾಬರು.
ಗೋಲಿ ದಸ್ತಗೀರನ ಕಿವಿಯ ಹಿಂದೆ
ಆ ನೀಲಿ ಬಕ್ರೀದಿನವರೆಗೂ ಇತ್ತಂತೆ.

ಗೆದ್ದರೆ ಎಂಟಾಣೆ, ಬನ್ನು, ಬೇಯಿಸಿದ ಮೊಟ್ಟೆ.
ಸೋತರೆ ಬನ್ನು.
ಆಮೇಲೆ ಸೋಡಾ ಫ್ಯಾಕ್ಟರಿಯ ಸೋಮಸುಂದರ ಮೊದಲಿಯಾರರು
ಬೆನ್ನ ಮೇಲೆ ತಮ್ಮ ಹೆಸರು ಹೊಲಿಸಿ
ಬಸ್ಸಿನ ಚಾರ್ಜೂ ಕೊಡತೊಡಗಿದರು.
ಸಂಬಳ ಅಂತ ಯಾರೂ ಅನ್ನಲಿಲ್ಲ,
ಲಕೋಟೆ ಅಂದರು.

ಯಾವ ವರ್ಷ ಎಷ್ಟು ಗೋಲು, ನನ್ನ ಕೇಳಬೇಡಿ.
ಸೋತವರು ಅಂಗಿಯನ್ನು ಅಚ್ಚುಕಟ್ಟಾಗಿ ಮಡಚಿ ಕೊಡುತ್ತಿದ್ದರು,
ಗೆದ್ದವರದು ಮುದ್ದೆ.
ಗಂಟು ಬಿಚ್ಚುವ ಮೊದಲೇ ಅವ್ವ ಹೇಳುತ್ತಿದ್ದಳು:
"ಈ ವಾರ ಡ್ರಾ ಕಣೇ."

ಒಂಬತ್ತನೇ ನಂಬರು ಸವರಿರಾಜ.
ಎಡಗಾಲು ನೆಲಕ್ಕಲ್ಲ, ಗಾಳಿಗೆ ಹುಟ್ಟಿದ್ದು.
ಕಾರ್ಖಾನೆಯವರು ಕರೆದರು.
ಪರ್ಮನೆಂಟ್ ಕೆಲಸ, ಕ್ಯಾಂಟೀನು,
ಮಧ್ಯಾಹ್ನ ಮೂರಕ್ಕೆ ಪ್ರಾಕ್ಟೀಸಿಗೆ ರಜೆ.
ಯಾರು ಬೇಡ ಅಂತಾರೆ? ಅವನ ಮನೆಯಲ್ಲಿ ಏಳು ತಟ್ಟೆ.
ಮುಂದಿನ ವರ್ಷ ನಮ್ಮ ಮೇಲೇ ಎರಡು ಗೋಲು ಹೊಡೆದು
ಬೀದಿ ಮಲಗಿದ ಮೇಲೆ ಬಂದ,
ಕಾರ್ಖಾನೆಯ ಹಳದಿ ಅಂಗಿ ಕಂಕುಳಲ್ಲಿಟ್ಟುಕೊಂಡು.
"ಬೇರೆ ಕಡೆ ಕೊಟ್ರೆ ಬಣ್ಣ ಕೆಡಿಸ್ತಾರವ್ವಾ."

ಅವ್ವ ಮಾತಾಡಲಿಲ್ಲ.
ಬೆಳಿಗ್ಗೆ ಅದನ್ನು ಕಲ್ಲಿಗೆ ಬಡಿದ ಸದ್ದಿಗೆ
ಪಕ್ಕದ ತೊಟ್ಟಿಯವರೆಲ್ಲ ತಿರುಗಿ ನೋಡಿದರು.
ಒಣಗಿದ ಮೇಲೆ ಕಾಯಿ ತಗೊಂಡಳು, ಸೂಜಿ ತಗೊಂಡಳು,
ಸ್ವಲ್ಪ ಹೊತ್ತು ಸುಮ್ಮನೆ ಕೂತಳು.
ಎರಡು ಚುಕ್ಕಿ.
ಒಂದು ಗೆರೆ.

ಆಮೇಲೆ ನೈಲಾನು ಬಂತು, ಗೇರಿನ ರಸ ಹಿಡಿಯಲಿಲ್ಲ.
ಕಾರ್ಖಾನೆ ತಂಡವನ್ನು ಮುಚ್ಚಿತು,
ಸೋಡಾ ಫ್ಯಾಕ್ಟರಿ ಮದುವೆ ಛತ್ರವಾಯಿತು.
ತಂಡ ಮಾತ್ರ ಇದೆ,
ಬಿ ಡಿವಿಷನ್ನಿಗೂ ಸಿ ಡಿವಿಷನ್ನಿಗೂ ಮಧ್ಯೆ
ಏಣಿ ಹತ್ತಿ ಇಳಿದುಕೊಂಡು.
ಈ ಹುಡುಗರಲ್ಲೊಬ್ಬ ಲೆಫ್ಟ್ ಬ್ಯಾಕ್ ಅಂತೆ,
ಹಗಲೆಲ್ಲ ಊಟದ ಪೊಟ್ಟಣ ಹೊತ್ತು ಬೈಕು ಓಡಿಸುತ್ತಾನೆ.
ಅವನ ಅಂಗಿಗೆ ಕಾಲರೇ ಇಲ್ಲ.

ಫೋಟೋ ಇದೆಯಾ ಅಂದರು. ಇಲ್ಲ.
ಟ್ರಂಕು ತೆಗೆದು ಹಳದಿ ಅಂಗಿ ತೋರಿಸಿದೆ.
ಮರುವಾರ ಬರ್ತೀನಿ ಅಂದವನು ಬರಲೇ ಇಲ್ಲ,
ಮೊಣಕಾಲೋ, ನಾಚಿಕೆಯೋ, ಗೊತ್ತಿಲ್ಲ.
ಒಗೆತದ ಬಾಬ್ತು ಅರವತ್ತು ಪೈಸೆ ಬಾಕಿ.
ಅದನ್ನೂ ಬರೆದುಕೊಳ್ಳಿ.