ಮಾವನ ಪಾಳಿ

ಶನಿವಾರ ಹತ್ತೂವರೆಗೆ ಅಜ್ಜಿ ಮಿಶ್ಕಾಳನ್ನು ಶಾಲಿನಲ್ಲಿ ಸುತ್ತುತ್ತಾಳೆ.
ನಾನು ಚೀಲಕ್ಕೆ ಹಾಲಿನ ಬಾಟಲಿ, ಎರಡು ಡೈಪರ್,
ಲಸಿಕೆಯ ಕಾರ್ಡು ಹಾಕುತ್ತೇನೆ.
ಯಾರಾದರೂ ತಡೆದು ಕೇಳಿದರೆ
ಕ್ಲಿನಿಕ್ಕಿಗೆ ಅನ್ನಬಹುದು.
ಶನಿವಾರ ಕ್ಲಿನಿಕ್ಕು ಮುಚ್ಚಿರುತ್ತದೆ.
ಅದು ಎರಡೂ ಕಡೆಯವರಿಗೆ ಗೊತ್ತು.

ನಡುವೆ ಇರುವುದು ಒಂದು ರಸ್ತೆ,
ಹದಿನಾಲ್ಕು ಹೆಜ್ಜೆ, ಅಜ್ಜಿಯ ಮೊಣಕಾಲಿಗೆ ಇಪ್ಪತ್ತೆರಡು.
ನಾನು ದಾಟುವಂತಿಲ್ಲ: ನಾನು ಇಗ್ಶಾನನ ತಂಗಿ.
ಡೆನ್ವರ್ ದಾಟುವಂತಿಲ್ಲ: ಹದಿನಾರರಲ್ಲಿ ಚುಚ್ಚಿಸಿಕೊಂಡ ಹಚ್ಚೆ
ಕಾಲರಿಗಿಂತ ಎರಡು ಬೆರಳು ಮೇಲೆ ಕೂತಿದೆ.
ದಾಟಬಹುದಾದವರು ತೀರ ಮುದುಕರು, ತೀರ ಚಿಕ್ಕವರು,
ಮತ್ತೆ ಹೆಣದ ವ್ಯಾನು.

ಕೇಪ್ ಟೌನಿನ ಚಿತ್ರದ ಕಾರ್ಡುಗಳಲ್ಲಿ
ಬೆಟ್ಟ ಮುಖ ತೋರಿಸುತ್ತದೆ.
ಇಲ್ಲಿ, ಈ ಮರಳ ಬಯಲಲ್ಲಿ, ನಮಗೆ ಕಾಣುವುದು ಅದರ ಬೆನ್ನು.
ಅಜ್ಜಿ ಹುಡುಗಿಯಾಗಿದ್ದಾಗ
ಆ ಮುಖದ ಕಡೆಯಿಂದ ಲಾರಿಯಲ್ಲಿ ತಂದು ಇಳಿಸಿದರಂತೆ,
ಒಂದೇ ಓಣಿಯವರನ್ನು
ರಸ್ತೆಯ ಈಚೆ ಒಂದಿಷ್ಟು, ಆಚೆ ಒಂದಿಷ್ಟು.
ಡೆನ್ವರನ ಅಜ್ಜಿಯೂ ಇವಳೂ ಒಂದೇ ನಲ್ಲಿಯ ನೀರು ಹಿಡಿದವರು.
ಅದನ್ನು ಹೇಳಲು ಹೊರಟರೆ
ಇಗ್ಶಾನ್ ಟೀವಿಯ ಸದ್ದು ಹೆಚ್ಚಿಸುತ್ತಾನೆ.

ಮೂಲೆಯ ಗೋಡೆಯ ಮೇಲೆ ಕಾವಲು ಕೂರುವುದು ಅವನ ಕೆಲಸ.
ಶನಿವಾರದ ಪಾಳಿ ಅವನದಲ್ಲ, ಕೇಳಿ ಬದಲಾಯಿಸಿಕೊಂಡದ್ದು.
ನನ್ನ ಹೊಟ್ಟೆ ಕಂಡ ದಿನದಿಂದ ನನ್ನ ಜೊತೆ ಮಾತು ಬಿಟ್ಟವನು.
ಉಪ್ಪು ನನ್ನ ಕೈ ಪಕ್ಕದಲ್ಲೇ ಇದ್ದರೂ
ಅಜ್ಜಿಯನ್ನು ಕೇಳುತ್ತಾನೆ.
ಆದರೆ ಅಜ್ಜಿ ಮೂಲೆ ತಿರುಗುವಾಗ
ಶೂ ಲೇಸು ಕಟ್ಟಲು ಬಗ್ಗುತ್ತಾನೆ.
ಇಪ್ಪತ್ತೆರಡು ಹೆಜ್ಜೆಯಷ್ಟು ಹೊತ್ತು ಕಟ್ಟುತ್ತಾನೆ.
ಅವನ ಶೂಗೆ ಲೇಸಿಲ್ಲ.

ಆಚೆ, ಮಾಂಸದಂಗಡಿಯ ಹಿತ್ತಿಲಲ್ಲಿ
ಡೆನ್ವರ್ ಸ್ನಾನ ಮಾಡಿ ಕಾಯುತ್ತಿರುತ್ತಾನಂತೆ.
ಸೊಂಟದ್ದನ್ನು ಯಾರ ಕೈಗೋ ಕೊಟ್ಟು ಬರುತ್ತಾನಂತೆ,
ಮಗುವಿಗೆ ಒತ್ತಬಾರದೆಂದು.
ಡೈಪರ್ ಹಿಂದುಮುಂದಾಗಿ ಕಟ್ಟಿ ಕಳಿಸುತ್ತಾನೆ.
ಅದನ್ನು ಬಿಚ್ಚಿ ಸರಿಮಾಡಲು
ನನಗೆ ಸಂಜೆಯವರೆಗೂ ಮನಸ್ಸಾಗುವುದಿಲ್ಲ.

ಕಳೆದ ವಾರ ಆಗ್ನೇಯದ ಗಾಳಿ ಎದ್ದಿತ್ತು,
ಹಗ್ಗದ ಬಟ್ಟೆಗಳೆಲ್ಲ ಒಂದೇ ದಿಕ್ಕಿಗೆ ಓಡಿಹೋಗಲು ನೋಡುತ್ತಿದ್ದವು.
ಅಜ್ಜಿ ಆಚೆ ಇದ್ದಾಗಲೇ ಶುರುವಾಯಿತು,
ಮೊದಲು ಮೂರು, ಆಮೇಲೆ ಲೆಕ್ಕ ತಪ್ಪಿತು.
ಇಗ್ಶಾನ್ ಮೆಟ್ಟಿಲು ಹಾರಿ ಬಂದು
ಅಡುಗೆಮನೆಯ ನೆಲದಲ್ಲಿ, ಫ್ರಿಜ್ಜಿಗೆ ಒರಗಿ, ಫೋನು ತೆಗೆದ.
ನಂಬರು ಹುಡುಕಲಿಲ್ಲ, ಬೆರಳಿಗೆ ಬಾಯಿಪಾಠ.
ಐದನೇ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚು.
ನಾನದನ್ನು ಮರೆತೇಬಿಟ್ಟಿದ್ದೆ.

"ಮುದುಕಿ ಅಲ್ಲಿದ್ದಾಳಾ?"
"ಮಾಂಸ ಇಡೋ ತಣ್ಣನೆ ಕೋಣೇಲಿ ಕೂರಿಸಿದೀನಿ. ಗೋಡೆ ದಪ್ಪ."
"ಅವಳು?"
"ನನ್ನ ಜಾಕೆಟ್ಟಿನೊಳಗೆ. ನಿದ್ದೆ."

ಆಮೇಲೆ ಇಬ್ಬರೂ ಮಾತಾಡಲಿಲ್ಲ, ಫೋನು ಇಡಲೂ ಇಲ್ಲ.
ಒಂದೊಂದು ಗುಂಡೂ ಎರಡೆರಡು ಸಲ ಕೇಳಿತು,
ಕಿಟಕಿಯಿಂದ ಒಮ್ಮೆ, ಫೋನಿನಿಂದ ಒಮ್ಮೆ.
ಆ ಎರಡರ ನಡುವಿನ ಚೂರು ಹೊತ್ತೇ
ನಮ್ಮ ರಸ್ತೆಯ ಅಗಲ.

ಅಜ್ಜಿ ಬಂದಳು, ಸೆರಗೆಲ್ಲ ಕುರಿಯ ಕೊಬ್ಬಿನ ವಾಸನೆ.
ಇಗ್ಶಾನ್ ಮಗುವನ್ನು ಕಸಿದುಕೊಂಡ. ಮೊದಲ ಸಲ.
ಕೈ ನೋಡಿದ, ಕಾಲು ನೋಡಿದ, ಕಿವಿಯ ಹಿಂದೆ ನೋಡಿದ,
ಸಾಮಾನು ಒಡೆದಿದೆಯೋ ಎಂದು ನೋಡುವ ಗಿರಾಕಿಯ ಹಾಗೆ,
ಸೋದರಮಾವ ಅನ್ನುವ ಹೆಸರಿಗೆ ಸಿಕ್ಕಿಬೀಳದ ಹಾಗೆ.
"ತಲೆ ತಣ್ಣಗಿದೆ," ಅಂದ, ಗೋಡೆಗೆ.
ಹದಿಮೂರು ತಿಂಗಳ ಮೇಲೆ
ನನ್ನ ಕಿವಿಗೂ ಬೀಳುವಂಥ ಮಾತು.
ಕಂಬಳಿ ಚಾಚಿದೆ. ತಗೊಂಡ.

ಸೋಮವಾರ ಆಚೆ ಬದಿ ಎರಡು ಮಣ್ಣು.
ಡೆನ್ವರ್ ಅಲ್ಲವೆಂದು ತಿಳಿದು ಉಸಿರು ಬಿಟ್ಟೆ,
ಬಿಟ್ಟ ಉಸಿರಿಗೆ ನಾಚಿದೆ.
ಅವರಿಗೂ ತಂಗಿಯರಿದ್ದರು, ಒಬ್ಬಳು ನನ್ನ ಜೊತೆ ಓದಿದವಳು.
ಆ ರಾತ್ರಿ ಇಗ್ಶಾನ್ ಮನೆಗೆ ಬರಲಿಲ್ಲ.
ಎಲ್ಲಿದ್ದೆ ಎಂದು ಅಜ್ಜಿ ಕೇಳಲಿಲ್ಲ,
ಅವನ ಶರ್ಟನ್ನು ಮಾತ್ರ ಬೇರೆಯಾಗಿ ನೆನೆಹಾಕಿದಳು.

ನಾಳೆ ಶನಿವಾರ.
ಬಾಗಿಲ ಹಿಂದಿನ ಮೊಳೆಗೆ ಚೀಲ ತೂಗಿದೆ.
ಒಳಗೆ ಯಾರೋ ಒಂದು ಉಣ್ಣೆಯ ಟೋಪಿ ತುರುಕಿದ್ದಾರೆ,
ಬೆಲೆಯ ಚೀಟಿ ಇನ್ನೂ ಅಂಟಿದೆ.
ಮಿಶ್ಕಾಳ ತಲೆಗೆ ಹಾಕಿ ನೋಡಿದೆ, ಕಣ್ಣವರೆಗೂ ಜಾರಿತು.
ಕೊಂಡವನಿಗೆ ಅಳತೆ ಗೊತ್ತಾಗಿಲ್ಲ,
ಇಲ್ಲವೇ ಗೊತ್ತಿದ್ದೇ ತಂದಿದ್ದಾನೆ,
ಬರುವ ವರ್ಷದ ಚಳಿಗೆ.