ಎರಡೂವರೆ ವ್ಯಾಟು

ಮಂಡಕ್ಕಿ ಭಟ್ಟಿಯ ಹಿಂದಿನ ಸಾಲಲ್ಲಿ ನನ್ನ ಕೋಣೆ,
ಹತ್ತಕ್ಕೆ ಒಂಬತ್ತು. ಮಂಚ ಹಾಕಿದ ಮೇಲೆ
ಬಾಗಿಲು ಮುಕ್ಕಾಲೇ ತೆರೆಯುವುದು.
ಇದರೊಳಗೆ ಇನ್ನೂರು ವ್ಯಾಟಿನ ಪೆಟ್ಟಿಗೆ ತಂದಿಟ್ಟವನು ನಾನೇ.
ಮೂವತ್ತೊಂದು ವರ್ಷ ಮಿಲ್ಲಿನ ಮಗ್ಗಗಳ ನಡುವೆ ನಿಂತ ಕಿವಿ,
ಜೋರಿಲ್ಲದೆ ಏನು ಕೇಳೀತು ಅಂತ.

ಗುಂಡಿ ಎಂಟಕ್ಕೆ ತಿರುಗಿಸಿದರೆ
ಗೂಡಿನ ಹಿತ್ತಾಳೆ ಚೊಂಬು ನಡುಗಿತು,
ಪಕ್ಕದವರು ಗೋಡೆ ಗುದ್ದಿದರು,
ಹಾಡು ಮಾತ್ರ ಬರಲಿಲ್ಲ.
ಎರಡಕ್ಕೆ ಇಳಿಸಿದರೆ
ಕಂಬಳಿ ಹೊದ್ದು ಮಲಗಿದವನ ಗೊಣಗು.

ಖಲಂದರ್ ಸಾಬರ ಅಂಗಡಿಗೆ ಹೊತ್ತೊಯ್ದೆ.
ಸಾಬರಿಲ್ಲ ಈಗ. ಮಗಳು ಜುಬೇದಾ
ಬೆಸುಗೆಯ ಹೊಗೆ ಊದಿ ಸರಿಸುತ್ತ ಕೇಳಿದಳು:
"ಕೋಣೆ ಎಷ್ಟು ದೊಡ್ಡದೈತಿ ಕಾಕಾ?"
ಹೇಳಿದೆ.
"ಸೊಳ್ಳೆ ಹೊಡಿಯಾಕೆ ರೋಡ್ ರೋಲರ್ ತಂದೀರಲ್ಲ."

ಅಟ್ಟದಿಂದ ಇಳಿಯಿತು
ಮುಚ್ಚಿಹೋದ ಟಾಕೀಸಿನ ಪರದೆ ಹಿಂದಿದ್ದ ಸ್ಪೀಕರು:
ತೆಳು ಕಾಗದದ ಬಾಯಿ, ಬೆನ್ನಿಗೆ
ಇಬ್ಬರು ಹೊರುವಷ್ಟು ಅಯಸ್ಕಾಂತ.
"ಒಂದು ವ್ಯಾಟು ಕೊಡ್ರಿ, ನೂರು ಡೆಸಿಬಲ್ ಎಣಿಸಿ ಕೊಡತೈತಿ.
ನಿಮ್ಮ ಪೆಟ್ಟಿಗೆ ಹತ್ತು ಸೇರು ಉಂಡು
ಒಂದ್ಸಲ ಆಕಳಿಸತೈತಿ, ಅಷ್ಟೇ."

ಪಕ್ಕಕ್ಕೆ ಇಟ್ಟಳು ಅಪ್ಪ ಕಟ್ಟಿದ ಆಂಪ್ಲಿಫೈಯರು.
ಮೂರು ಗಾಜಿನ ವಾಲ್ವು. ಎರಡೂವರೆ ವ್ಯಾಟು.
ನಮ್ಮ ಬಚ್ಚಲ ದೀಪ ಇದಕ್ಕಿಂತ ಹೆಚ್ಚು ಉಣ್ಣುತ್ತದೆ.
ನನ್ನ ಮುಖ ನೋಡಿ ಅಂದಳು:
"ನಿಮ್ಮ ಮುಂದಿನ ಭಟ್ಟಿಯವರನ್ನೇ ಕೇಳ್ರಿ.
ಮರಳು ಹದಕ್ಕೆ ಕಾದರೆ ಹಿಡಿ ಅಕ್ಕಿ ಮೊರ ತುಂಬತೈತಿ.
ಉರಿ ಹೆಚ್ಚಿಸಿದರೆ
ಕರಿ."

ಮೊದಲ ಸಂಜೆ ಸಪ್ಪಗಿತ್ತು. ಜುಬೇದಾ ಬಂದಳು,
ಅಯಸ್ಕಾಂತದ ಬೆನ್ನಿನ ಧೂಳು ಸೆರಗಲ್ಲಿ ಒರೆಸಿದಳು,
ಮಾಸಿದ ಅಂಕಿ: ಹದಿನಾರು.
ನಾನು ತಂತಿ ಕಟ್ಟಿದ್ದು ಎಂಟು ಓಮಿನ ತುದಿಗೆ.
"ಗಂಡು ಹೆಣ್ಣಿನ ಜಾತಕ ಇಷ್ಟು ನೋಡ್ತೀರಿ, ಇದನ್ನ ನೋಡಬಾರದಾ?"
ತಂತಿ ಬದಲಿಸಿ, ಜೋಳದ ಡಬ್ಬಿ ಸರಿಸಿ
ಸ್ಪೀಕರನ್ನು ಮೂಲೆಗೆ ನೂಕಿದಳು.
"ಕೆಳಗಿನ ಸ್ವರಕ್ಕೆ ಗೋಡೇನೇ ಹೆಗಲು ಕೊಡತೈತಿ."

ವಾಲ್ವು ಕೆಂಪಾಗುವ ತನಕ ಕಾಯಬೇಕು,
ಒಲೆ ಹೊತ್ತುವ ತನಕ ಕಾದ ಹಾಗೆ.
ಆಮೇಲೆ ತಂಬೂರಿ
ತಂತಿ ಬೇರೆ, ಬೆರಳು ಬೇರೆ.
ಹಾಡುವವನು ಸಾಲಿಗೆ ಮೊದಲು ಎಳೆದುಕೊಂಡ ಉಸಿರು.
ಮಿಲ್ಲು ತಿಂದು ಮಿಕ್ಕ ಕಿವಿಯಲ್ಲಿ
ಇಷ್ಟು ಜಾಗ ಉಳಿದಿತ್ತೇ?

ಗುಂಡಿ ಮೂರಕ್ಕೂ ಹೋಗಿಲ್ಲ.
ಗೋಡೆ ಗುದ್ದುವವರು ಇವತ್ತು ಗುದ್ದಲಿಲ್ಲ.

ಹಳೇ ರೆಕಾರ್ಡಿನಲ್ಲಿ, ಆಲಾಪದ ನಡುವೆ
ಅಂದು ಕೇಳಲು ಕೂತವನೊಬ್ಬ ಕೆಮ್ಮಿದ.
ಒಳಗೆ ರೊಟ್ಟಿ ಬಡಿಯುತ್ತಿದ್ದ ಕೊಟ್ರಮ್ಮ
ಹಿಟ್ಟಿನ ಕೈಯಲ್ಲೇ ಲೋಟ ಹಿಡಿದು ಬಂದಳು:
"ಯಾರು ಬಂದಾರ? ನೀರು ಕೊಡಬಾರದಾ?"

ಯಾರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ.
"ವಾಲ್ವಿನ ಹತ್ತಿರ ಇಡಬೇಡ, ಕಾದೈತಿ" ಅಂದೆ.
ಲೋಟ ಕೆಳಗಿಟ್ಟು
ಮಂಚದ ತುದಿಗೆ ಕೂತಳು.