ಕೊಕ್ಕೆ

ಕೊಕ್ಕೆ ಹಾಕಿದ್ದಾರೆ ಎಂದು ದೂರು ಬಂದಿತ್ತು.
ನೆಲ್ಯಹುದಿಕೇರಿ, ಸೇತುವೆ ದಾಟಿದ ಮೇಲೆ ಎಡಕ್ಕೆ,
ಕಂಬ ಹದಿನೇಳು.
ದೂರಿನಲ್ಲಿ ಹೆಸರಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು,
ಹೊಟ್ಟೆ ತುಂಬಿದವರ ಅಕ್ಷರ.

ಏಣಿ ಹೊತ್ತು ಹೋದೆ. ಸಂಜೆ ಆರೂವರೆ.
ಹೂಮಳೆ ಇನ್ನೂ ಬಿದ್ದಿರಲಿಲ್ಲ,
ಕಾಫಿಯ ಮೊಗ್ಗುಗಳೆಲ್ಲ ಬಾಯಿ ಬಿಗಿದುಕೊಂಡಿದ್ದವು.
ನಾನೂ ಅಷ್ಟೇ. ಹಿರೇಕೆರೂರಿನವನು,
ಇಲ್ಲಿಗೆ ಬಂದು ಏಳು ತಿಂಗಳು,
ಜೋಳದ ರೊಟ್ಟಿ ಸಿಗದ ಬಾಯಿಗೆ ಬೀಗ ಹಾಕಿಕೊಂಡು.

ಕಂಬದ ಬುಡದಲ್ಲಿ ಒಂದು ತಳ್ಳುಗಾಡಿ.
ತಳ್ಳಿ ಎಷ್ಟು ವರ್ಷವಾಯಿತೋ, ಚಕ್ರಕ್ಕೆ ಗರಿಕೆ ಹಬ್ಬಿದೆ.
ಮೇಲೆ ನೀಲಿ ತಾಡಪಾಲು, ಅದರಡಿ
ಒಂದೇ ಬಲ್ಬು, ನಾನು ಹಿಡಿಯಬೇಕಾದ ಕಳ್ಳ,
ನಾಚಿಕೆಯಿಲ್ಲದೆ ಹಳದಿಯಾಗಿ ಉರಿಯುತ್ತಿತ್ತು.
ಬಲ್ಬಿನ ಕೆಳಗೆ ಪಾತುಞಿ.

"ಕೂರು ಮೋನೇ, ಏಣಿ ಕೆಳಗಿಡು."
ಯಾಕೆ ಬಂದೆನೆಂದು ಆಕೆ ಕೇಳಲಿಲ್ಲ.
ನಾನು ಹೇಳಲಿಲ್ಲ. ಅದು ಮೊದಲನೆಯ ತಪ್ಪು.

ಸೌಟಿನಿಂದ ಹಿಟ್ಟು ಬಿತ್ತು. ದೋಸೆಯಲ್ಲ ಇದು, ಚುಂಯ್ ಎನ್ನಲಿಲ್ಲ.
ಕಾವಲಿಯನ್ನೇ ಎತ್ತಿ, ಮಗುವನ್ನು ತೂಗುವ ಹಾಗೆ
ಒಂದು ಸುತ್ತು ತಿರುಗಿಸಿದಳು.
ಮೊಟ್ಟೆ ಬೆರೆಸಿದ ಮೈದಾ ಅಂಚಿನವರೆಗೆ ತಾನೇ ನಡೆದು ನಿಂತಿತು.
ಮೇಲೆ ಕಾಯಿತುರಿ, ಬೆಲ್ಲ,
ತುಪ್ಪದಲ್ಲಿ ಕೆಂಪಾದ ನೇಂದ್ರಬಾಳೆಯ ಚೂರು,
ಅಲ್ಲೇ ಕುಟ್ಟಿದ ಏಲಕ್ಕಿ.
ಚಾಪೆ ಸುತ್ತಿದಂತೆ ಸುತ್ತಿ ಬಾಳೆಲೆಗೆ ಇಳಿಸಿದಳು.
"ಏಲಾಂಚಿ. ತಿಂದಿಲ್ಲವಾ?"

ತಿಂದಿರಲಿಲ್ಲ.
ನಮ್ಮ ಕಡೆ ಹೂರಣ ಅಂದರೆ ಕಡಲೆಬೇಳೆ,
ಒಳಗಿಟ್ಟು, ಬಾಯಿ ಮುಚ್ಚಿ, ಲಟ್ಟಿಸುತ್ತಾರೆ;
ಹೋಳಿಗೆ ಗುಟ್ಟು ಬಿಡುವುದಿಲ್ಲ.
ಇದು ಎರಡೂ ತುದಿ ತೆರೆದುಕೊಂಡೇ ಕೂತಿತ್ತು.
ಈ ಕಡೆ ಕಚ್ಚಿದರೆ ಆ ಕಡೆಯಿಂದ ಬೆಲ್ಲ ಇಳಿದು
ಮೊಣಕೈವರೆಗೆ ಬಂತು.
ಎರಡನೆಯದರಲ್ಲಿ ಉಪ್ಪು ಗೊತ್ತಾಯಿತು,
ಹಿಟ್ಟಿನಲ್ಲಿ, ಸಿಹಿಯ ಹೊರಗೆ, ತೋಟದ ಬೇಲಿಯ ಹಾಗೆ.
ಮೂರನೆಯದನ್ನು ಯಾಕೆ ತಿಂದೆನೋ.

ಪಕ್ಕದಲ್ಲಿ ಲೈನ್‌ಮನೆಯ ಹುಡುಗರಿಬ್ಬರು, ಅಸ್ಸಾಮಿನವರು,
ಒಂದನ್ನೇ ಎರಡು ಮಾಡಿ
ದೊಡ್ಡ ತುಂಡು ಯಾರಿಗೆಂದು ನಗುತ್ತಿದ್ದರು.
ಜೀಪೊಂದು ನಿಂತು ಸುದ್ದಿ ಹೇಳಿ ಹೋಯಿತು:
ತೋಟದ ದಾರಿಗೆ ಆನೆ ಇಳಿದಿವೆ, ಮೂರು, ಒಂದು ಮರಿ.
"ಹಲಸು ಇನ್ನೂ ಆಗಿಲ್ಲ ಅಲ್ಲವಾ, ಅವಕ್ಕೆ," ಅಂದಳು ಪಾತುಞಿ,
ಅಷ್ಟೇ.

ಕೈ ತೊಳೆದೆ. ಏಣಿ ಇಟ್ಟೆ. ಹತ್ತಿದೆ.
ಕೆಳಗೆ ನೋಡಬಾರದು ಅಂದುಕೊಂಡೆ,
ನೋಡಿದೆ.
ಆಕೆ ನನ್ನನ್ನು ನೋಡುತ್ತಿರಲಿಲ್ಲ,
ಕಾವಲಿ ತಿರುಗಿಸುತ್ತಿದ್ದಳು.
ಕೊಕ್ಕೆ ಬಿಚ್ಚಿತು, ಬಲ್ಬು ಆರಿತು.
ಕತ್ತಲಲ್ಲಿ ಒಲೆಯ ನೀಲಿ ಉಂಗುರ, ಅದರ ಮೇಲೆ
ಎರಡು ಕೈ ಸುತ್ತುತ್ತಲೇ ಇದ್ದವು,
ಒಂದು ಚೂರೂ ಹೊರಗೆ ಬೀಳದ ಹಾಗೆ.

ಇಳಿದವನಿಗೆ ಲೆಕ್ಕ ಹೇಳಿದಳು:
"ಮೂರು. ನಲವತ್ತೈದು."
ಐವತ್ತು ಕೊಟ್ಟೆ. ತಡಕಾಡಿ
ಐದರ ನಾಣ್ಯ ವಾಪಸು ಕೊಟ್ಟಳು. ಬಿಸಿಯಾಗಿತ್ತು.
ಬೈದಿದ್ದರೆ ನಿದ್ದೆ ಬರುತ್ತಿತ್ತು.

ಮಂಗಳವಾರ ಅರ್ಜಿ ಹಿಡಿದು ಹೋದೆ.
ಠೇವಣಿ, ಎರಡು ಫೋಟೊ, ಪಂಚಾಯಿತಿಯ ಒಪ್ಪಿಗೆ.
ಮೊಮ್ಮಗ ಸಿನಾನ್ ಗಟ್ಟಿಯಾಗಿ ಓದಿದ,
ಆಕೆ ಸೌಟು ಕೆಳಗಿಡದೆ ಕೇಳಿದಳು.
ಮೂರನೇ ಪುಟದಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು.
ಶಾಯಿ ಮುಟ್ಟುವ ಮೊದಲೇ ಬೆಲ್ಲದ ಗುರುತು ಬಿತ್ತು.
ಆ ದಿನ ತಿಂದದ್ದಕ್ಕೂ ಹದಿನೈದೇ ತೆಗೆದುಕೊಂಡಳು,
ಒಂದು ರೂಪಾಯಿ ಕಡಿಮೆಯಿಲ್ಲ.

ಹೂಮಳೆ ಬಂತು. ಹೂ ಬಿರಿದು ಉದುರಿಯೂ ಆಯಿತು.
ಅರ್ಜಿ ಇನ್ನೂ ಸೆಕ್ಷನ್ ಆಫೀಸಿನಲ್ಲಿದೆ.
ನಿನ್ನೆ ಗುಮಾಸ್ತರು ಕೂಗಿದರು:
"ಯಾರದ್ರೀ ಇದು, ಕಡತದ ತುಂಬ ಇರುವೆ!"
ಹೋಗಿ ನೋಡಿದೆ.
ಮೇಜಿನ ಕಾಲಿನಿಂದ ಮೂರನೇ ಪುಟದವರೆಗೆ
ಕೆಂಪಗೆ, ಒಂದರ ಹಿಂದೊಂದು,
ಮೇಲಿದ್ದ ಅರ್ಜಿಗಳನ್ನೆಲ್ಲ ದಾಟಿ
ಆಕೆಯದನ್ನೇ ಹುಡುಕಿಕೊಂಡು.